ಬೇರಿಲ್ಲದ ಕಸ

ನಿಷತಳ ಹುದ್ದೆಯ ಹೆಸರು ಬಲು ಉದ್ದ. ‘ಸಂಯೋಜಕರು, ಪರಿಸರ ಅಧ್ಯಯನ ಪದವಿ ಕಾರ್ಯಕ್ರಮ, ಸಿಂದಗಿ ಕೇಂದ್ರ’ ಎಂದು ಬರೆಯಲು ಹೋದ ಪೇಂಟರನಿಗೆ ಬಾಗಿಲ ಮೇಲಿನ ಹಲಗೆ ಸಾಲದೆ, ಕೊನೆಯ ಎರಡಕ್ಷರ ಗೋಡೆಯ ಮೇಲೆ ಹೋಗಿ ಕೂತಿವೆ. ಸಂಯೋಜಕರು ಎಂದರೆ ಏನು ಮಾಡುವವರು ಎಂದು ಅವಳ ತಾಯಿ ಸೈದಾಬಿ ಹನ್ನೊಂದು ವರ್ಷದಿಂದ ಕೇಳುತ್ತಲೇ ಇದ್ದಾಳೆ. ಬೇರೆ ಯಾರೂ ಮಾಡಲೊಲ್ಲದ್ದನ್ನೆಲ್ಲ ಮಾಡುವವರು ಎಂಬುದು ಸರಿಯಾದ ಉತ್ತರ. ಆದರೆ ಮಗಳನ್ನು ಧಾರವಾಡದವರೆಗೆ ಕಳಿಸಿ ಓದಿಸಿದ ತಾಯಿಗೆ ಹಾಗೆ ಹೇಳಲು ಬಾಯಿ ಬರಬೇಕಲ್ಲ!

ಮಣ್ಣು, ನೀರು, ಗಾಳಿಯ ಪಾಠ ಅವಳದು. ಟೈಮ್‌ಟೇಬಲ್ ಅವಳದು. ಪ್ರಯೋಗಾಲಯದ ಕೀಲಿಯೂ ಅವಳ ಸೆರಗಿನ ಗಂಟಿನಲ್ಲೇ. ಇಂಡಿ ಕಡೆಯ ಬಸ್ಸು ಕೆಟ್ಟರೆ ಹುಡುಗರು ಡಿಪೋಗೆ ಫೋನು ಮಾಡುವುದಿಲ್ಲ, ಇವಳಿಗೆ ಮಾಡುತ್ತಾರೆ. ವಿಶ್ವವಿದ್ಯಾಲಯದಿಂದ ದಿನಕ್ಕೆ ಮೂರು ಮಿಂಚಂಚೆ ಬರುತ್ತವೆ, ಮೂರರ ತಲೆಯ ಮೇಲೂ ‘ತುರ್ತು’ ಎಂದಿರುತ್ತದೆ. ಇಷ್ಟನ್ನೂ ಮುಗಿಸಿ ಸಂಜೆ ಪೌಣೆ ಐದರ, ಅಂದರೆ ನಾಲ್ಕೂ ಮುಕ್ಕಾಲರ, ಬಸ್ಸು ಹಿಡಿದು, ಬಸವನ ಬಾಗೇವಾಡಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಮನಗೂಳಿಯ ಮನೆ ಸೇರಬೇಕು. ಪೌಣೆ ಐದರ ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಎಂದು ಕೇಳಿದರೆ ಕಂಡಕ್ಟರನೇ ನಗುತ್ತಾನೆ.

ಈ ಬಸ್ಸನ್ನು ನೆನಪಿಡಬೇಕು. ಮುಂದೆ ಆದ ಅನಾಹುತದಲ್ಲಿ ಅರ್ಧ ಪಾಲು ಇದರದ್ದೇ.

ಅಪ್ಪ ಕುತುಬುದ್ದೀನ ಲಾರಿ ಓಡಿಸಿಕೊಂಡು ಊರೂರು ತಿರುಗಿದವನು. ಮನಗೂಳಿಯ ನಾಲ್ಕೆಕರೆ ಎರೆ ಹೊಲವನ್ನು ನೋಡಿಕೊಂಡವಳು ಸೈದಾಬಿ. ರವಿವಾರ ಬಂತೆಂದರೆ ನಿಷತಳ ಕೈಗೂ ಕಳೆ ಕೀಳುವ ಒಂದು ಕುರ್ಪಿ ಸಿಗುತ್ತಿತ್ತು. ಶಾಲೆಯಲ್ಲಿ ಮೊದಲನೆಯವಳಾಗಿ ಬಂದದ್ದರ ಹಿಂದೆ ವಿದ್ಯೆಯ ಮೇಲಿನ ಪ್ರೀತಿ ಎಷ್ಟಿತ್ತೋ, ಕುರ್ಪಿಯಿಂದ ಪಾರಾಗುವ ಆಸೆಯೂ ಅಷ್ಟೇ ಇತ್ತು. ಪಾರಾದಳು. ಧಾರವಾಡದಲ್ಲಿ ಎಂ.ಎಸ್ಸಿ. ಓದಿ, ಗರಿಕೆಗೂ ಜೇಕಿಗೂ ಲ್ಯಾಟಿನ್ ಹೆಸರು ಕಲಿತು ಬಂದಳು.

ಈ ವರ್ಷ ಆಗಸ್ಟಿನಲ್ಲಿ ಬಂದ ಒಂದು ಮಿಂಚಂಚೆ ಮಾತ್ರ ನಿಜಕ್ಕೂ ತುರ್ತಿನದಾಗಿತ್ತು. ಸಿಂದಗಿ ಕೇಂದ್ರದಲ್ಲಿ ಇರುವವರು ಇಪ್ಪತ್ತಮೂರೇ ವಿದ್ಯಾರ್ಥಿಗಳು. ಇದನ್ನು ಮುಚ್ಚಿ ಎಲ್ಲರನ್ನೂ ದೂರದ ಮುಖ್ಯ ಕ್ಯಾಂಪಸ್ಸಿಗೆ ಏಕೆ ಸೇರಿಸಬಾರದು? ಸೆಪ್ಟೆಂಬರಿನ ಕೊನೆಯ ಶುಕ್ರವಾರ ಒಂದು ಸಮಿತಿ ಬಂದು ನೋಡುತ್ತದೆ. ಅಷ್ಟರೊಳಗೆ ವಿದ್ಯಾರ್ಥಿಗಳ ಕೈಯಿಂದ ಅವರು ಬರುವ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕಿನಲ್ಲಿ ಕಸದ ಸಮೀಕ್ಷೆ ಮಾಡಿಸಿ ವರದಿ ಕಳಿಸಬೇಕು.

ಇಪ್ಪತ್ತಮೂರರಲ್ಲಿ ಹುಡುಗಿಯರು ಹನ್ನೊಂದು. ಮುಖ್ಯ ಕ್ಯಾಂಪಸ್ಸು ಎಂದರೆ ಹಾಸ್ಟೆಲು, ಹಾಸ್ಟೆಲು ಎಂದರೆ ಮನೆಯಲ್ಲಿ ಪಂಚಾಯಿತಿ. ಮೋರಟಗಿಯ ರಾಜಶ್ರೀಯ ಅಪ್ಪ ಪ್ರವೇಶದ ದಿನವೇ ನಿಷತಳ ಮೇಜಿನ ಮುಂದೆ ನಿಂತು ಖಡಾಖಂಡಿತ ಹೇಳಿ ಹೋಗಿದ್ದ: “ಸಿಂದಗಿ ತನಕ ಕಳಸ್ತೇನ್ರಿ ಮೇಡಮ್ಮಾರ. ಅದರಾಚಿ ಕೇಳಬ್ಯಾಡ್ರಿ.” ಕೇಂದ್ರ ಮುಚ್ಚಿದರೆ ಹನ್ನೊಂದರಲ್ಲಿ ಇಬ್ಬರು ಹುಡುಗಿಯರಾದರೂ ಓದು ಮುಂದುವರಿಸುತ್ತಾರೆಂದು ನಿಷತಳಿಗೆ ನಂಬಿಕೆಯಿರಲಿಲ್ಲ. ಆ ಇಬ್ಬರಲ್ಲಿ ರಾಜಶ್ರೀ ಇರುವುದಿಲ್ಲ ಎಂಬುದು ಮಾತ್ರ ಖಾತ್ರಿಯಿತ್ತು.

ಸಮೀಕ್ಷೆಯ ಫಾರ್ಮು ವಿಶ್ವವಿದ್ಯಾಲಯದಿಂದಲೇ ಅಚ್ಚಾಗಿ ಬಂತು. ಹಸಿ ಕಸ ಎಷ್ಟು ಕೆ.ಜಿ., ಒಣ ಕಸ ಎಷ್ಟು, ಪ್ಲಾಸ್ಟಿಕ್ ಎಷ್ಟು, ಅಪಾಯಕಾರಿ ಕಸ ಯಾವುದು, ಮರುಬಳಕೆ ಹೇಗೆ, ಎಲ್ಲಿ ಎಸೆಯುತ್ತಾರೆ. ನಿಷತ ಅದನ್ನು ಹಂಚಿದ್ದು ನಾಲ್ಕೂವರೆಗೆ. ಒಂದು ಕಣ್ಣು ಫಾರ್ಮಿನ ಮೇಲೆ, ಇನ್ನೊಂದು ಗಡಿಯಾರದ ಮೇಲೆ.

“ನೋಡ್ರಿ, ಇದು ಫೀಲ್ಡ್ ವರ್ಕ್. ಎಲ್ಲಾರೂ ಫೀಲ್ಡಿಗೆ ಹೋಗ್ರಿ, ಕಸಾ ಕೂಡಸ್ರಿ, ತೂಕಾ ಮಾಡ್ರಿ, ಫಾರ್ಮ್ ತುಂಬ್ರಿ. ಆಮ್ಯಾಲ ಸ್ಯಾಂಪಲ್ ತಗೊಂಡ ಬರ್ರಿ. ತಿಳೀತಿಲ್ಲೋ?”

“ತಿಳೀತ್ರಿ!” ಎಂದರು ಇಪ್ಪತ್ತಮೂರೂ ಜನ.

ಮೇಷ್ಟ್ರ ಕಸುಬಿನಲ್ಲಿ ‘ತಿಳೀತ್ರಿ’ ಎಂಬುದರಷ್ಟು ಅಪಾಯದ ಮಾತು ಇನ್ನೊಂದಿಲ್ಲ. ಆದರೆ ನಿಷತ ಅಷ್ಟೊತ್ತಿಗೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದಳು.

ಮೂರು ವಾರದಲ್ಲಿ ವಾಟ್ಸಾಪಿಗೆ ಅಂಕಿಗಳು ಬಂದುಬಿದ್ದವು. ಎಂಥ ಅಂಕಿಗಳು! ಮೋರಟಗಿ, ಹಸಿ ಕಸ ಹನ್ನೆರಡು ಕೆ.ಜಿ., ಒಣ ಕಸ ಎರಡೂವರೆ. ಝಳಕಿ, ಹಸಿ ಹದಿನೆಂಟು, ಒಣ ನಾಲ್ಕು. ಗ್ರಾಮ್ ಲೆಕ್ಕದಲ್ಲಿ ಬರೆದವರೂ ಇದ್ದರು. ಎಲ್ಲಿ ಎಸೆಯುತ್ತಾರೆ ಎಂಬಲ್ಲಿ ಹೆಚ್ಚಿನವರು ‘ಬದುವಿಗೆ’ ಎಂದಿದ್ದರು. ಪ್ಲಾಸ್ಟಿಕ್ ಎಂಬ ಕಡೆ ಇಪ್ಪತ್ತಮೂರೂ ಜನ ಒಂದೇ ಮಾತು ಬರೆದಿದ್ದರು: ಇಲ್ಲ.

ನಿಷತ ಅಂಕಿಗಳನ್ನೆಲ್ಲ ಬಸ್ಸಿನಲ್ಲೇ ಕೂತು ಕೂಡಿಸಿದಳು. ಕಿಟಕಿಯಾಚೆ ಬಳ್ಳಾರಿ ಜಾಲಿಯ ಕಂಟಿಗಳು ಸಾಲಾಗಿ ಹೋಗುತ್ತಿದ್ದವು. ಒಂದೊಂದು ಕಂಟಿಗೂ ಬಿಳಿ, ಕರಿ, ನೀಲಿ ಕ್ಯಾರಿಬ್ಯಾಗುಗಳು ಸಿಕ್ಕಿಕೊಂಡು ಗಾಳಿಗೆ ಪಟಪಟ ಅನ್ನುತ್ತಿದ್ದವು. ಅವಳು ಅವನ್ನು ನೋಡಿದಳು. ನೋಡಿಲ್ಲ ಎಂದು ಹೇಳಿದರೆ ಸುಳ್ಳಾದೀತು. ನೋಡಿ, ತಲೆ ಬಗ್ಗಿಸಿ, ಮೊಬೈಲಿನಲ್ಲಿ ಟೈಪು ಮಾಡಿದಳು: ‘ನಾಲ್ಕೂ ತಾಲೂಕುಗಳ ಸಮೀಕ್ಷಿತ ಗ್ರಾಮಗಳಲ್ಲಿ ಪ್ಲಾಸ್ಟಿಕ್ ಕಸ ಕಂಡುಬಂದಿಲ್ಲ.’ ಹನ್ನೊಂದು ಹುಡುಗಿಯರ ಓದು ಉಳಿಯುವುದಾದರೆ ಅಂಕಿ ಚೆನ್ನಾಗಿರುವುದೇ ಒಳ್ಳೆಯದಲ್ಲವೇ? ಸೋಮವಾರ ವರದಿ ಹೋಯಿತು. ಮಂಗಳವಾರ ಉತ್ತರ ಬಂತು: ‘ಅತ್ಯುತ್ತಮ. ಸಮಿತಿಯು ವಿಶೇಷ ಆಸಕ್ತಿಯಿಂದ ಭೇಟಿ ನೀಡಲಿದೆ.’

ಬುಧವಾರ ಸ್ಯಾಂಪಲ್ ಬಂದವು.

ಮೊದಲು ಬಂದವನು ಝಳಕಿಯ ಕಾಂತು. ಹೆಗಲ ಮೇಲೊಂದು ದೊಡ್ಡ ಚೀಲ. ಹೆದ್ದಾರಿಯ ಊರಿನ ಕಸವೆಂದರೆ ನಾತ ಹೊಡೆಯುವುದು ಖಂಡಿತ ಎಂದುಕೊಂಡು ನಿಷತ ಸೆರಗಿನ ತುದಿಯನ್ನು ಮೂಗಿಗೆ ಹಿಡಿದಳು.

“ಎಲ್ಲಿ ಇಡ್ಲಿರಿ ಮೇಡಮ್ ರೀ?”

“ಅಲ್ಲೇ ಮೂಲ್ಯಾಗ. ಸಾವಕಾಶ ಬಿಚ್ಚು.”

ಬಿಚ್ಚಿದ. ನಾತದ ಬದಲು ಒಣಹುಲ್ಲಿನ ವಾಸನೆ ಬಂತು. ಚೀಲದ ತುಂಬ ಸೊಪ್ಪು, ಕಡ್ಡಿ, ಬೇರು.

“ಇದೇನೋ ಕಾಂತು?”

“ಕಸಾ ರೀ.”

“ಕಸಾ ಎಲ್ಲೈತಿ?”

ಕಾಂತು ಮೇಡಮ್ಮಿನ ಮುಖವನ್ನೊಮ್ಮೆ, ಚೀಲವನ್ನೊಮ್ಮೆ ನೋಡಿದ. “ಇದ ರೀ ಕಸಾ. ಇದು ಕರಕಿ, ಇದು ಜೇಕು, ಇದು ಉತ್ರಾಣಿ. ನಮ್ಮ ತೊಗರ್ಯಾಗ ಈ ವರ್ಷ ಭಾಳ ಆಗೇತ್ರಿ.”

ಅಷ್ಟರಲ್ಲಿ ರಾಜಶ್ರೀ ಬಂದಳು. ಅವಳದು ಇನ್ನೂ ಅಚ್ಚುಕಟ್ಟು. ಹಳೆಯ ಪೇಪರಿನ ನಡುವೆ ಒತ್ತಿ ಒಣಗಿಸಿ, ರಟ್ಟಿಗೆ ದಾರದಿಂದ ಹೊಲಿದು, ಕೆಳಗೆ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದ ಮೂವತ್ತೊಂದು ಬಗೆಯ ಕಳೆ. ಮುದ್ದೇಬಿಹಾಳ ಕಡೆಯ ಯಾಸೀನ ಮಾತ್ರ ಬರಿಗೈಯಲ್ಲಿ ಬಂದಿದ್ದ. ಸ್ಯಾಂಪಲ್ ಎಲ್ಲಿ ಎಂದರೆ, “ಮರುಬಳಕೆ ಆತ್ರಿ. ಆಡು ತಿಂತ್ರಿ,” ಎಂದ.

ನಿಷತ ಫಾರ್ಮುಗಳನ್ನು ಮತ್ತೆ ತೆರೆದು ನೋಡಿದಳು. ಒಂದೊಂದಾಗಿ ಎಲ್ಲ ಹೊಳೆಯತೊಡಗಿತು. ಸೆಪ್ಟೆಂಬರ್ ತಿಂಗಳು, ಈ ಸೀಮೆಯಲ್ಲಿ ಯಾವ ಮನೆಯ ಬಾಗಿಲಲ್ಲಿ ನಿಂತರೂ ಕೇಳುವುದು ಒಂದೇ ಮಾತು, ‘ಕಸಾ ತಗ್ಯಾಕ ಹೋಗ್ಯಾರ.’ ಹೊಲದ ಕಳೆಗೆ ಇಲ್ಲಿ ಕಸ ಎಂದೇ ಹೆಸರು. ಅಂಥ ತಿಂಗಳಲ್ಲಿ ಅಂಥ ಮಕ್ಕಳಿಗೆ ಇವಳು ಹೇಳಿದ್ದೇನು? ಫೀಲ್ಡಿಗೆ ಹೋಗ್ರಿ, ಕಸಾ ಕೂಡಸ್ರಿ! ಫೀಲ್ಡು ಎಂದರೆ ಹೊಲ ಎಂದು ಮೂರನೆಯ ಇಯತ್ತೆಯ ಹುಡುಗನಿಗೂ ಗೊತ್ತು.

“ಹಸಿ ಕಸಾ ಹನ್ನೆರಡು ಕೆ.ಜಿ. ಅಂತ ಬರದೀಯಲ್ಲ ರಾಜಶ್ರೀ, ಅದೇನದು?”

“ಕಿತ್ತ ಕೂಡ್ಲೆ ಹಸೀದು ತೂಕಾ ಮಾಡಿದ್ನಿರಿ. ಆಮ್ಯಾಲ ಮಾಳಗಿ ಮ್ಯಾಲ ಒಣಗಿಸಿ ಮತ್ತ ತೂಕಾ ಮಾಡಿದ್ನಿರಿ. ಒಣಾ ಕಸಾ ಅಂತ ಬ್ಯಾರೆ ಕೇಳ್ಯಾರಲ್ರಿ ಫಾರ್ಮಿನ್ಯಾಗ.”

ಅಡುಗೆಮನೆಯ ಮುಸುರೆಯನ್ನು ಹಸಿ ಕಸ ಎನ್ನುವುದು ದೊಡ್ಡ ಊರಿನ ನಗರಸಭೆಯವರ ಭಾಷೆ. ಮೋರಟಗಿಯಲ್ಲಿ ಹಸಿ ಎಂದರೆ ಹಸಿಯೇ, ಒಣ ಎಂದರೆ ಒಣವೇ. ನಿಷತಳಿಗೆ ನಗು ಉಕ್ಕಿ ಬಂತು. ಮರುಕ್ಷಣವೇ ಸೋಮವಾರ ಹೋದ ವರದಿ ನೆನಪಾಯಿತು.

ರಸಾಯನಶಾಸ್ತ್ರದ ಯುನೂಸ ಸರ್ ಪಕ್ಕದ ಕೋಣೆಯಿಂದ ಬಂದು ಎಲ್ಲ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ, ತಂಟೆ ತಕರಾರು ಕಂಡರೆ ಆಗದು. “ಸುಮ್ಕ ಇದ್ದಬಿಡ್ರಿ ಮೇಡಮ್,” ಎಂದರು. “ಚೀಲಾ ಎಲ್ಲಾ ಹಿಂದಿನ ಖೋಲ್ಯಾಗ ಇಟ್ಟು ಕೀಲಿ ಹಾಕ್ರಿ. ಸಮಿತಿಯವ್ರು ದಕ್ಷಿಣದ ಮಂದಿ. ಅಂಕಿ ನೋಡ್ತಾರ, ಚಹಾ ಕುಡೀತಾರ, ಹೋಗ್ತಾರ. ಹುಡುಗ್ಯಾರ ಸಾಲಿ ಉಳೀತೈತಿ. ನಿಮ್ಮಿಂದ ಯಾರ ಗಂಟೂ ಮುಳುಗಿಲ್ಲ.”

ಆ ಮಾತು ನಿಷತಳಿಗೆ ಎಷ್ಟು ಹಿತವಾಗಿ ಕೇಳಿಸಿತೆಂದರೆ, ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಸಂಜೆ ಮನೆಯಲ್ಲಿ ತಾಯಿಯ ಮುಂದೆ ಕಥೆ ಹೇಳಿದಳು. ಜೊತೆಗೆ ತಂದಿದ್ದ ರಾಜಶ್ರೀಯ ರಟ್ಟುಗಳನ್ನೂ ಮುಂದಿಟ್ಟಳು. ಸೈದಾಬಿ ನಕ್ಕಳು ನೋಡಿ! ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು, ಮುಖವೆಲ್ಲ ಜೋಳದ ಹಿಟ್ಟು ಮಾಡಿಕೊಂಡು ನಕ್ಕಳು.

“ಕಸಾ ಅಂದ್ರ ಹುಡುಗ್ರಿಗೆ ತಿಳೀತು, ನಿನಗ ತಿಳೀಲಿಲ್ಲ. ನಮ್ಮ ಹೊಲ್ದಾಗ ಕುಂತು ಎಷ್ಟ ಕಸಾ ತಗದೀಯೇ ನೀನು!”

ನಿಷತಳಿಗೆ ನಾಚಿಕೆಯಾಯಿತು. ಆ ಪದ ಮೊದಲು ಕಲಿತದ್ದೇ ಈ ಹೊಲದಲ್ಲಿ. ಅದು ಯಾವಾಗ ತನ್ನ ಬಾಯಲ್ಲಿ ಬೇರೆಯಾಯಿತೋ ಅವಳಿಗೇ ಗೊತ್ತಾಗಿರಲಿಲ್ಲ.

ಸೈದಾಬಿ ರಟ್ಟುಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡಿದಳು. “ಹಕ್ಕರಕಿ ಯಾಕ ಕಸದಾಗ ಸೇರಸ್ಯಾಳ? ರೊಟ್ಟಿ ಜೋಡಿ ಎಷ್ಟ ಛಲೋ ಆಕ್ಕೈತಿ. ಉಳಿದದ್ದು ಬರೋಬ್ಬರಿ ಐತಿ. ಶಾಣ್ಯಾ ಹುಡುಗಿ.” ಆಮೇಲೆ ತಟ್ಟನೆ ಕೇಳಿದಳು, “ಪ್ಲಾಸ್ಟಿಕ್ಕಿಂದ ಏನ್ ಬರದಿ?”

“ಇಲ್ಲ ಅಂತ ಬರದೇನಿ.”

“ಎಲ್ಲೆಲ್ಲಿ ಇಲ್ಲ?”

“ನಾಕೂ ತಾಲೂಕಿನ್ಯಾಗ.”

ಸೈದಾಬಿಯ ನಗು ನಿಂತಿತು. “ಬಾಗೇವಾಡಿ ತಾಲೂಕಿನ್ಯಾಗೂ ಇಲ್ಲ? ಹಂಗಾರ ನಾ ಮುಂಜಾನಿಂದ ಸಂಜಿತನಕಾ ನಮ್ಮ ಹೊಲ್ದಾಗ ಹೆಕ್ಕಿ ಹೆಕ್ಕಿ ಒಗಿಯೋದು ಏನವ್ವಾ ಅದು? ಗುಟಕಾ ಚೀಟಿ, ಗೊಬ್ಬರ ಚೀಲದ ಚೂರು, ಹೈವೇದಿಂದ ಹಾರಿ ಬಂದ ಕ್ಯಾರಿಬ್ಯಾಗ. ಹಿಂಗ ಬರದಿ ಅಂದ್ರ ನಾ ಏನೂ ಮಾಡೇ ಇಲ್ಲ ಅಂದಂಗಾತು.”

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಹೇಳಿ, ಮತ್ತೆ ರೊಟ್ಟಿ ಬಡಿಯತೊಡಗಿದಳು.

ಶುಕ್ರವಾರ ಸಮಿತಿ ಬಂತು. ಮೂವರಲ್ಲಿ ಮುಖ್ಯಸ್ಥೆ ಪ್ರೊಫೆಸರ್ ವಿದ್ಯಾವತಿ. ಮೈಸೂರಿನವರು, ಸಣ್ಣ ಆಳು, ಕನ್ನಡಕಕ್ಕೆ ಹಗ್ಗ ಕಟ್ಟಿಕೊಂಡಿದ್ದರು. ಬಂದವರೇ ವರದಿಯನ್ನು ಮೇಜಿನ ಮೇಲೆ ಇಟ್ಟರು.

“ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ ಕಣ್ರೀ. ಪ್ಲಾಸ್ಟಿಕ್ ಇಲ್ಲದ ನಾಲ್ಕು ತಾಲ್ಲೂಕು ನಾನು ಎಲ್ಲೂ ನೋಡಿಲ್ಲ. ಇದನ್ನ ರಾಜ್ಯಕ್ಕೇ ಮಾದರಿ ಅಂತ ಶಿಫಾರಸು ಮಾಡೋಣ ಅಂತಿದೀವಿ. ಕೇಂದ್ರದ ಬಗ್ಗೆ ನೀವೇನೂ ಯೋಚನೆ ಮಾಡ್ಬೇಡಿ.”

ಯುನೂಸ ಸರ್ ಚಹಾದ ತಟ್ಟೆ ಹಿಡಿದುಕೊಂಡೇ ನಿಷತಳ ಕಡೆ ನೋಡಿದರು. ಚೀಲಗಳನ್ನೂ ನಿಷತ ವಾಪಸು ತಂದ ರಟ್ಟುಗಳನ್ನೂ ಇಟ್ಟಿದ್ದ ಹಿಂದಿನ ಖೋಲಿಯ ಕೀಲಿ ಅವರ ಜೇಬಿನಲ್ಲಿತ್ತು. ಬಾಗಿಲ ಬಳಿ ರಾಜಶ್ರೀ, ಕಾಂತು, ಉಳಿದವರೆಲ್ಲ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ನಿಂತಿದ್ದರು. ಒಂದೇ ಒಂದು ‘ಹೌದ್ರಿ’ ಅಂದಿದ್ದರೆ ಮುಗಿಯುತ್ತಿತ್ತು.

“ಮೇಡಂ, ಆ ವರದಿ ತಪ್ಪೈತ್ರಿ,” ಎಂದಳು ನಿಷತ. ಕಸ ಎಂದು ತಾನು ಅಂದದ್ದು, ಹುಡುಗರು ತಿಳಿದದ್ದು, ಹಸಿ, ಒಣ, ಆಡು ತಿಂದದ್ದು, ಎಲ್ಲವನ್ನೂ ಹೇಳಿದಳು. “ಹುಡುಗರ ತೂಕಾ ಎಲ್ಲಾ ಖರೆ ಅದಾವ್ರಿ. ತಪ್ಪು ನಂದು. ಬಸ್ಸಿನ ಕಿಡಕ್ಯಾಗ ಪ್ಲಾಸ್ಟಿಕ್ ನೋಡಿದ್ದೆ. ನೋಡೀನೂ ಇಲ್ಲಂತ ಬರದೆ. ಸಾಲಿ ಉಳೀಲಿ ಅಂತ ಬರದೆ.”

ವಿದ್ಯಾವತಿ ನಗಲಿಲ್ಲ. ಬಿಳಿ ಹಾಳೆಯೊಂದನ್ನು ತಳ್ಳಿ, “ವರದಿ ವಾಪಸ್ ತಗೋತೀನಿ ಅಂತ ಬರೆದು ಸಹಿ ಹಾಕಿ. ಕಾರಣಾನೂ ಬರೀರಿ,” ಎಂದರು. ನಿಷತ ಬರೆದುಕೊಟ್ಟಳು. ಯುನೂಸ ಸರ್ ಚಹಾ ಇಟ್ಟು ಹೊರಗೆ ಹೋದರು. ತುಸು ಹೊತ್ತಿಗೆ ಹಿಂದಿನ ಖೋಲಿಯ ಬಾಗಿಲು ತೆರೆದ ಸದ್ದು ಕೇಳಿಸಿತು. ಚೀಲ, ರಟ್ಟು ಎಲ್ಲ ಒಂದೊಂದಾಗಿ ಬಂದು ಮೇಜು ತುಂಬಿದವು.

ವಿದ್ಯಾವತಿ ಒಂದು ರಟ್ಟು ಎತ್ತಿಕೊಂಡರು. “ಇದು ಯಾರದ್ದು? ಎಷ್ಟು ದಿನ ಒಣಗಿಸಿದ್ರಿ?”

“ನಂದ್ರಿ,” ಎಂದಳು ರಾಜಶ್ರೀ. “ದಿನದ ಲೆಕ್ಕ ಇಡಲಿಲ್ರಿ. ದಿನಾ ಕಿರಾಣಿ ಅಂಗಡಿ ತಕ್ಕಡ್ಯಾಗ ತೂಗತಿದ್ನಿರಿ. ತೂಕಾ ಇಳಿಯೋದು ನಿಂತ ಮ್ಯಾಲ ಒಣಗೇತಿ ಅಂತ ಬರದ್ನಿರಿ.”

“ಹಾಗೆ ಮಾಡ್ಬೇಕು ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ರಿ. ಇಳಿಯಾಕತ್ತಿತ್ತಲ್ರಿ, ಅದಕ್ಕ ಕಾದೆ.”

ಎಂ.ಎಸ್ಸಿ. ಹುಡುಗರಿಗೂ ಹತ್ತು ಸಲ ಹೇಳಿಕೊಡಬೇಕಾದ ಕ್ರಮ ಅದು. ವಿದ್ಯಾವತಿ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಆಮೇಲೆ ಕಾಂತುವಿನ ಕಡೆ ತಿರುಗಿ, “ಕಳೆ ಕೀಳೋವಾಗ ಪ್ಲಾಸ್ಟಿಕ್ ಸಿಗಲೇ ಇಲ್ವೇನಪ್ಪ?” ಎಂದು ಕೇಳಿದರು.

“ಅಯ್ಯೋ, ಭಾಳ ಸಿಕ್ತಿರಿ! ಒಂದು ಸಾಲಿಗೆ ಒಂದು ಬೊಗಸಿ.”

“ಮತ್ತೆ ಯಾಕೆ ಬರೀಲಿಲ್ಲ?”

“ಅದು ಕಸಾ ಅಲ್ಲಲ್ರಿ,” ಎಂದ ಕಾಂತು, ಇಷ್ಟು ಗೊತ್ತಿಲ್ಲವೇ ಎಂಬಂತೆ. “ಕಸಕ್ಕ ಬೇರು ಇರತೈತ್ರಿ. ಅದಕ್ಕ ಬೇರು ಇಲ್ಲ. ತಗದು ಬದುವಿಗೆ ಒಗದ್ನಿ. ಗಾಳಿ ಬಿಟ್ರ ಮತ್ತ ಬರತೈತ್ರಿ ಅದು.”

ಆಗ ವಿದ್ಯಾವತಿ ನಕ್ಕರು. ನಕ್ಕು, ತಮ್ಮ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡರು. ಊಟಕ್ಕೆಂದು ಎದ್ದವರು ಮತ್ತೆ ಬಂದು ಕೂತು, ಮೂರು ಗಂಟೆಯವರೆಗೆ ಒಂದೊಂದು ಚೀಲವನ್ನೂ ಬಿಚ್ಚಿಸಿ ನೋಡಿದರು. ಹೊರಡುವಾಗ ಮಾತ್ರ ಕೇಂದ್ರದ ಬಗ್ಗೆ ಒಂದಕ್ಷರ ಆಡಲಿಲ್ಲ.

ಮೂರು ವಾರ ಕಳೆದವು. ಮಿಂಚಂಚೆಗಳು ಬಂದವು, ಪ್ರತಿಯೊಂದರ ಮೇಲೂ ‘ತುರ್ತು’. ನಿಷತ ಪ್ರತಿಯೊಂದನ್ನೂ ಬಂದ ಕೂಡಲೇ ತೆರೆದಳು. ರಾಜಶ್ರೀ ದಿನಾ ಕಿಟಕಿಯ ಬಳಿ ಬಂದು, ಏನೂ ಕೇಳದೆ, ಮುಖ ನೋಡಿ ಹೋಗುತ್ತಿದ್ದಳು. ಕೊನೆಗೊಂದು ಗುರುವಾರ ಬಂತು: ಮೊದಲ ವರದಿಯನ್ನು ಕಡತದಿಂದ ತೆಗೆಯಲಾಗಿದೆ, ಸಂಯೋಜಕರಿಗೆ ಎಚ್ಚರಿಕೆ ನೀಡಲಾಗಿದೆ, ಸಿಂದಗಿ ಕೇಂದ್ರವನ್ನು ಮೂರು ವರ್ಷ ಮುಂದುವರಿಸಲಾಗಿದೆ, ಸಮೀಕ್ಷೆಯನ್ನು ಹೊಸದಾಗಿ ಮಾಡತಕ್ಕದ್ದು, ಫಾರ್ಮನ್ನು ಕೇಂದ್ರವೇ ಸಿದ್ಧಪಡಿಸತಕ್ಕದ್ದು. ಮೂರು ವರ್ಷ ಎಂದರೆ ಎರಡನೆಯ ವರ್ಷದಲ್ಲಿರುವ ರಾಜಶ್ರೀಯ ಪದವಿ ಮುಗಿದು ಮೇಲೆ ಒಂದು ವರ್ಷ ಉಳಿಯುತ್ತದೆ. ನಿಷತ ಕಿಟಕಿಯ ಕಡೆ ತಿರುಗಿ ಮೂರು ಬೆರಳು ತೋರಿಸಿದಳು. ರಾಜಶ್ರೀ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟಳು. ಎಚ್ಚರಿಕೆಯ ಸಾಲನ್ನು ನಿಷತ ಎರಡು ಸಲ ಓದಿಕೊಂಡಳು. ಅದು ತನಗೆ ಬರಬೇಕಾದದ್ದೇ ಅನ್ನಿಸಿತು.

ಹೊಸ ಫಾರ್ಮು ಒಂದೇ ಪುಟದ್ದು. ಎರಡೇ ಅಂಕಣ: ಬೇರಿನ ಕಸ, ಬೇರಿಲ್ಲದ ಕಸ. ಮೊದಲ ರವಿವಾರದ ಸಮೀಕ್ಷೆ ಮನಗೂಳಿಯಲ್ಲಿ, ಸೈದಾಬಿಯ ಹೊಲದಲ್ಲಿ. ಇಪ್ಪತ್ತಮೂರು ಹುಡುಗ ಹುಡುಗಿಯರು ತೊಗರಿಯ ಸಾಲು ಹಿಡಿದು ಕೂತರು. ಸೈದಾಬಿ ಮುಂದೆ, ನಿಷತ ಹಿಂದೆ. ಎಷ್ಟೋ ವರ್ಷದ ಮೇಲೆ ಕುರ್ಪಿ ಹಿಡಿದ ಕೈಗೆ ಅರ್ಧ ಗಂಟೆಯಲ್ಲೇ ಬೊಬ್ಬೆ ಬಂತು. ನಾಲ್ಕೆಕರೆಯಲ್ಲಿ ಬೇರಿಲ್ಲದ ಕಸ ಒಂಬತ್ತು ಕೆ.ಜಿ. ಸಿಕ್ಕಿತು. ನಿಷತ ಅದನ್ನು ಎರಡು ಸಲ ತೂಗಿಸಿ, ಹೆಸರು ಕೆಡಿಸುವಂಥ ಆ ಅಂಕಿಯನ್ನು ಹಾಗೇ ಬರೆದಳು.

“ಮಾಹಿತಿ ಕೊಟ್ಟಾಕಿ ಸೈದಾಬಿ ಅಂತ ಬರದೇನಿ. ಉದ್ಯೋಗ ಏನ್ ಬರೀಲಿ ಅವ್ವಾ? ಒಕ್ಕಲುತನ?”

“ಕಸಾ ತಗಿಯಾಕಿ ಅಂತ ಬರಿ,” ಎಂದಳು ಸೈದಾಬಿ, ಸಾಲಿನಿಂದ ತಲೆ ಎತ್ತದೆ. “ಖರೆ ಐತಿ ಅಲ್ಲ ಮತ್ತ?”

ನಿಷತ ಬರೆದಳು. ಕೆಳಗೆ ಸಮೀಕ್ಷೆ ಮಾಡಿದವರ ಹೆಸರು, ಉದ್ಯೋಗ ಎಂದಿತ್ತು. ಹೆಸರು ಬರೆದಳು. ‘ಸಂಯೋ’ ಎಂದು ಬರೆಯುವಷ್ಟರಲ್ಲಿ ಎಂದಿನಂತೆ ಜಾಗ ಸಾಲದೆಂದು ಗೊತ್ತಾಯಿತು. ಅದನ್ನು ಹೊಡೆದುಹಾಕಿ, ತಾಯಿಯ ಹೆಸರಿನ ಮುಂದೆ ಬರೆದದ್ದನ್ನೇ ತನ್ನ ಹೆಸರಿನ ಮುಂದೆಯೂ ಬರೆದು, ಹಾಳೆ ಹಾರದಂತೆ ಮೇಲೊಂದು ಮಣ್ಣಿನ ಹೆಂಟೆ ಇಟ್ಟು, ಮುಂದಿನ ಸಾಲಿಗೆ ಹೋದಳು.